ನಂಜಮ್ಮನ ಬಾಯಿಗೆ ಬಂದ ಭಾಷೆ

ಡ್ರಮ್ಮಿನ ಸದ್ದು ನಿಂತಿತು, ಕೀಬೋರ್ಡು ನಿಂತಿತು. ನಂಜಮ್ಮ ಮಾತ್ರ ನಿಲ್ಲಲಿಲ್ಲ.

ಶುಕ್ರವಾರದ ಉಪವಾಸ ಪ್ರಾರ್ಥನೆ ಮುಗಿಯುವ ಹೊತ್ತು. ತಗಡಿನ ಸೂರಿನ ಕೆಳಗೆ, ಜಮಖಾನದ ಮೇಲೆ, ಬೆಳಗಿನಿಂದ ನೀರೂ ಕುಡಿಯದೆ ಕೂತಿದ್ದ ಜನ ಕಣ್ಣು ಮುಚ್ಚಿ, ಕೈ ಎತ್ತಿ, ತಮ್ಮತಮ್ಮ ಪಾಡಿಗೆ ದೇವರನ್ನು ಕರೆದು ಕರೆದು ದಣಿದಿದ್ದರು. ಅಳು, ಸ್ತೋತ್ರ, ಯಾರಿಗೂ ಅರ್ಥವಾಗದ ಅನ್ಯಭಾಷೆಯ ತೊದಲು ಎಲ್ಲ ಬೆರೆತ ಆ ಗದ್ದಲ ನಿಧಾನವಾಗಿ ಇಳಿದು, ಕೊನೆಗೆ ಒಬ್ಬ ಮುದುಕಿಯ ದನಿಯೊಂದೇ ಉಳಿಯಿತು.

ಹಿಂದಿನ ಗೋಡೆಗೆ ಒರಗಿ ಮಫ್ತಿಯಲ್ಲಿ ಕೂತಿದ್ದ ಸಬ್ ಇನ್ಸ್‌ಪೆಕ್ಟರ್ ಕ್ಷಮಾ ಮೊದಲು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ತಲೆಯಲ್ಲಿ ಸೋಮವಾರ ಕೂತಿತ್ತು. ಮೂರು ತಿಂಗಳ ಹಿಂದೆ, ದೀಪಾವಳಿ ಕಳೆದ ಮೇಲೊಂದು ಭಾನುವಾರ, ದೀಕ್ಷಾಸ್ನಾನಕ್ಕೆಂದು ಕಾವೇರಿಗೆ ಇಳಿದ ವಿಮಲ್ ಎಂಬ ಜೈನ ಯುವಕ ಹೊಳೆಪಾಲಾಗಿದ್ದ. ಅವನನ್ನು ನೀರಿಗಿಳಿಸಿದವರಲ್ಲಿ ಸಹಾಯಕ ತಲೆಮರೆಸಿಕೊಂಡಿದ್ದ, ಪಾಸ್ಟರ್ ಗೌರೀಶ್ ಜೈಲಿನಲ್ಲಿದ್ದ. ಸೋಮವಾರದೊಳಗೆ ಅವನ ಮೇಲೆ ಆರೋಪಪಟ್ಟಿ ಹೋಗಬೇಕಿತ್ತು.

ನಂಜಮ್ಮ ಹಿಂದಕ್ಕೂ ಮುಂದಕ್ಕೂ ತೂಗುತ್ತ ಹೇಳುತ್ತಲೇ ಇದ್ದಳು. ಒಂದು ಸಾಲು. ಆಮೇಲೆ ಮೌನ. ಮತ್ತೊಂದು ಸಾಲು. ಮತ್ತೆ ಮೌನ.

"ಅರಿಯಂತಾಣ," ಎಂದಳು.

ಕ್ಷಮಾಳ ಬೆನ್ನು ಗೋಡೆಯಿಂದ ಎದ್ದಿತು.

ಅದು ಯಾರಿಗೂ ಅರ್ಥವಾಗದ ಭಾಷೆಯಲ್ಲ. ಪ್ರಾಕೃತ. ಚನ್ನರಾಯಪಟ್ಟಣದ ಅವಳ ಮನೆಯಲ್ಲಿ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಹೇಳುವ, ಜೈನರ ನಮಸ್ಕಾರ ಮಂತ್ರ. 'ಅರಿಹಂತಾಣಂ' ಎಂಬುದರ ಹಕಾರ ಒಕ್ಕಲು ಮನೆಯ ಮುದುಕಿಯ ನಾಲಿಗೆಯಲ್ಲಿ ಬಿದ್ದುಹೋಗಿತ್ತು, ಪದಗಳ ಕೊನೆ ಸವೆದಿತ್ತು. ಆದರೂ ಅದೇ.

ಮಂತ್ರಕ್ಕಿಂತ ಹೆಚ್ಚಾಗಿ ಕ್ಷಮಾಳ ಮೈ ತಣ್ಣಗಾದದ್ದು ಆ ಮೌನಗಳಿಂದ. ದಿನದ ಪೂಜೆಯಲ್ಲಿ ಇದನ್ನು ಯಾರೂ ಹೀಗೆ ಬಿಡಿಸಿ ಬಿಡಿಸಿ ಹೇಳುವುದಿಲ್ಲ. ಅವಳ ಅಜ್ಜಿಯ ಜೀವ ಹೋಗುವಾಗ ಮನೆಯ ದೊಡ್ಡವರು ಕ್ಷಮಾಳನ್ನು ಮಂಚದ ಪಕ್ಕ ಕೂರಿಸಿ, ಕಿವಿಯ ಹತ್ತಿರ ಬಾಯಿಟ್ಟು ಹೇಳು ಎಂದಿದ್ದರು. ಒಂದು ಸಾಲು ಹೇಳಿ, ಹೋಗುವವರ ಉಸಿರು ಆ ಸಾಲನ್ನು ಹಿಡಿದುಕೊಳ್ಳುವ ತನಕ ಕಾಯಬೇಕು. ಆಮೇಲೆ ಮುಂದಿನದು.

ನಂಜಮ್ಮ ಹಾಗೆ ಕಾಯುತ್ತಿದ್ದಳು.

ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಊರಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂರದ ಜನ ಇಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಅನ್ನ ಸಾರು ಉಣ್ಣುತ್ತಿದ್ದರು. ಕೇಸಾದ ಮೇಲೆ ಹೊರಗಿನ ಬೋರ್ಡು ಇಳಿಸಿದ್ದರು. ಸುಮಾರು ಜನ ಬರುವುದನ್ನೂ ಬಿಟ್ಟಿದ್ದರು. ಉಳಿದವರಿಗೆ ಪೊಲೀಸಿನವಳನ್ನು ಕಂಡರೆ ಹೆದರಿಕೆ. ಆದರೂ ಯಾರೋ ಅವಳ ಮುಂದೆ ಒಂದು ತಟ್ಟೆ ತಂದಿಟ್ಟರು.

ಬಡಿಸುತ್ತಿದ್ದವಳು ಪಾಸ್ಟರನ ಹೆಂಡತಿ ಮೇಘಶ್ರೀ. ಎಲ್ಲರಿಗೂ ಪಾಸ್ಟರಮ್ಮ. ಗಂಡ ಜೈಲಿಗೆ ಹೋದಂದಿನಿಂದ ಮೈಕು ಹಿಡಿದು ಸಭೆ ನಡೆಸುತ್ತಿದ್ದವಳೂ ಅವಳೇ.

"ನಂಜಮ್ಮನವರಿಗೆ ಆ ಭಾಷೆ ಯಾವಾಗಿಂದ ಬರುತ್ತೆ?" ಕ್ಷಮಾ ಕೇಳಿದಳು.

"ಅದು ಅನ್ಯಭಾಷೆ ವರ ಮೇಡಂ, ಪವಿತ್ರಾತ್ಮ ಕೊಡೋದು. ಎಲ್ಲರಿಗೂ ಸಿಕ್ಕಿ ಅವರೊಬ್ಬರಿಗೇ ಸಿಕ್ಕಿರಲಿಲ್ಲ. ನನ್ನಲ್ಲಿ ಏನು ಪಾಪ ಐತೆ ಪಾಸ್ಟರಮ್ಮ ಅಂತ ನನ್ನ ಕೈ ಹಿಡ್ಕೊಂಡು ಎಷ್ಟು ಸಲ ಅತ್ತಿದಾರೋ."

"ಸಿಕ್ಕಿದ್ದು ಯಾವಾಗ?"

ಮೇಘಶ್ರೀಯ ಕೈಯಲ್ಲಿ ಸೌಟು ನಿಂತಿತು. "ವಿಮಲ್ ಹೋದ ಮಾರನೇ ದಿನ. ಹೊಳೇಲಿ ಇನ್ನೂ ಹುಡುಕ್ತಾ ಇದ್ರು. ನಾವೆಲ್ಲ ಇಲ್ಲಿ ಮೊಣಕಾಲೂರಿ ಕೂತಿದ್ವಿ. ಇದ್ದಕ್ಕಿದ್ದ ಹಾಗೆ ಅವರ ಬಾಯಿಂದ ಬಂತು. ಅವತ್ತು ನಮಗೆ ಉಳಿದಿದ್ದ ಸಮಾಧಾನ ಅದೊಂದೇ."

"ವಿಮಲ್ ಇಲ್ಲಿ ಯಾವತ್ತಾದ್ರೂ ತನ್ನ ಮನೆ ಮಂತ್ರ ಹೇಳಿದ್ದುಂಟಾ?"

"ಇಲ್ಲ. ಆ ಮಾತು ಬಂದ್ರೆ ತಲೆ ತಗ್ಗಿಸ್ತಿದ್ದ. ಅಪ್ಪಾಜಿ ನೆನಪಾಗ್ತಾರೆ ಅಂತಿದ್ದ." ಅವಳು ಕ್ಷಮಾಳ ಮುಖವನ್ನೇ ನೋಡಿದಳು. "ಯಾಕೆ ಮೇಡಂ?"

ಕ್ಷಮಾ ಮನಸ್ಸಿನಲ್ಲೇ ದಿನ ಎಣಿಸುತ್ತಿದ್ದಳು. ಮೀನುಗಾರರ ಬಲೆಗೆ ವಿಮಲನ ದೇಹ ಸಿಕ್ಕಿದ್ದು ಆ ವಾರದ ಬುಧವಾರ. ಮುಖ ಗುರುತು ಸಿಗದಷ್ಟು ಕೆಟ್ಟಿತ್ತು. ತಲೆಯಲ್ಲಿ ಒಂದು ಗಾಯವಿತ್ತು. ಬಂಡೆಗೆ ಬಡಿದಿರಬಹುದು ಎಂದು ವೈದ್ಯರು ಬರೆದಿದ್ದರು. ಗುರುತು ಹಿಡಿದವರು ತಂದೆ ಜಯಕುಮಾರ್. ಪಾಸ್ಟರನ ಮೇಲೆ ದೂರು ಕೊಟ್ಟವರೂ ಅವರೇ. ಕ್ಷಮಾಳ ಅಪ್ಪನ ಅಂಗಡಿ ಪಕ್ಕದ ಪಾತ್ರೆ ಅಂಗಡಿಯವರು, ಅವಳನ್ನು ಎತ್ತಿ ಆಡಿಸಿದವರು.

ಭಾನುವಾರವೇ ನೀರಿನಲ್ಲಿ ಸತ್ತವನ ಕಿವಿಯಲ್ಲಿ, ನಂಜಮ್ಮನಿಗೂ ಕೇಳುವ ಹಾಗೆ, ಸೋಮವಾರ ಯಾರು ಮಂತ್ರ ಹೇಳಿದರು?

ಬಾಗಿಲಲ್ಲಿ ನೆರಳು ಬಿತ್ತು. ಹೆಡ್ ಕಾನ್‌ಸ್ಟೆಬಲ್ ತಮ್ಮಯ್ಯ. ಜೀಪು ಓಡಿಸಿಕೊಂಡು ಬಂದವನು. ಮತಾಂತರದ ಜಾಗಕ್ಕೆ ಕಾಲಿಡಲ್ಲ ಎನ್ನುತ್ತಿದ್ದವನು, ಹೊಸ್ತಿಲಾಚೆಯೇ ನಿಂತಿದ್ದ.

"ಮೇಡಂ, ಓಗಣ್ವಾ? ಇಲ್ಲೇನೈತೆ. ತಂದೆ ಹೇಳಿಕೆ ಐತೆ, ಕಣ್ಣಾರೆ ಕಂಡೋರು ಅವ್ರೆ. ಚಾರ್ಜ್‌ಶೀಟ್ ಹಾಕಿ ಕೈ ತೊಳ್ಕೊಳದು."

"ನೀವು ಊಟ ಮಾಡಿ ತಮ್ಮಯ್ಯ. ಬರ್ತೀನಿ," ಎಂದು ಕ್ಷಮಾ ನಂಜಮ್ಮನ ಕೈ ಹಿಡಿದು ಎಬ್ಬಿಸಿದಳು.

ನಂಜಮ್ಮನ ಮನೆ ಊರಿನ ಕೊನೆಗೆ. ಅದರಾಚೆ ಸೊಪ್ಪು ಮುರಿದು ಬೋಳಾದ ಹೊಗೆಸೊಪ್ಪಿನ ಹೊಲ, ಹೊಲದಾಚೆ ಹೊಳೆ. ನಡುವೆ ಕೆಂಪಣ್ಣ ಎಂಬವರ ಹಳೇ ಬ್ಯಾರನ್: ಸೊಪ್ಪು ಒಣಗಿಸಲೆಂದು ಕಟ್ಟಿದ, ಕಿಟಕಿಯಿಲ್ಲದ, ಎತ್ತರದ ಇಟ್ಟಿಗೆ ಮನೆ. ಒಲೆ ಕುಸಿದ ಮೇಲೆ ಅದನ್ನು ಯಾರೂ ಬಳಸುತ್ತಿರಲಿಲ್ಲ.

ಮುದುಕಿ ಜಗುಲಿಯ ಮೇಲೆ ಕೂತು ಕಾಲು ನೀವಿಕೊಂಡಳು.

"ಅಜ್ಜಿ, ಆ ಮಾತು ನಿಮಗೆ ಮೊದಲು ಬಾಯಿಗೆ ಬಂತಾ, ಕಿವಿಗೆ ಬಂತಾ?"

ನಂಜಮ್ಮ ಕಾಲು ನೀವುವುದನ್ನು ನಿಲ್ಲಿಸಿದಳು. ಆ ಪ್ರಶ್ನೆಯನ್ನು ಈತನಕ ಯಾರೂ ಅವಳಿಗೆ ಕೇಳಿರಲಿಲ್ಲ.

"ಕಿವಿಗೆ ಕಣವ್ವ," ಎಂದಳು. "ವತ್ತು ಮೂಡಕ್ ಮುಂಚೆ ದನಕ್ಕೆ ಉಲ್ಲಾಕಕ್ ಎದ್ದಿದ್ದೆ. ಮಂಜು ಕವ್ಕೊಂಡಿತ್ತು. ಅದ್ರೊಳಗಿಂದ ಬತ್ತಿತ್ತು. ಒಂದ್ ದನಿ ಮುಂದಾಗಿ ಅನ್ನದು, ಇನ್ನೊಂದು ಅದ್ರ ಇಂದೆ ಅನ್ನದು. ಆಮ್ಯಾಕೆ ಮುಂದ್ಲ ದನಿ ಸಣ್ಣಗಾಯ್ತಾ ಓಯ್ತು. ಬೆಳಕರಿಯೋ ವತ್ಗೆ ಒಂದೇ ಉಳ್ಕತು. ನಂಗೋಸ್ಕರ ದೇವ್ರೇ ಕಳ್ಸವ್ನೆ ಅನ್ಕಂಡೆ. ಕೈ ಎತ್ಕಂಡು ಇಲ್ಲೇ ಕುಂತು ಕೇಳ್ದೆ."

"ಯಾರಿಗೂ ಹೇಳಲಿಲ್ವಾ?"

"ಏಳುದ್ರೆ ಓಗ್ಬುಡುತ್ತೇನೋ ಅಂತ ಭಯ."

ಕ್ಷಮಾ ಜಗುಲಿಯ ಮೇಲೆ ಅವಳ ಪಕ್ಕ ಕೂತಳು. ವರ್ಷಗಟ್ಟಲೆ ಬೇಡಿ ಪಡೆದದ್ದನ್ನು ಈ ಮುದುಕಿಯ ಕೈಯಿಂದ ಹೇಗೆ ಕಿತ್ತುಕೊಳ್ಳುವುದು? ಆದರೆ ಇನ್ನೊಂದು ಕಡೆ, ಮಾಡದ ತಪ್ಪಿಗೆ ಒಬ್ಬ ಮನುಷ್ಯ ಕಂಬಿ ಎಣಿಸುತ್ತಿರಬಹುದು.

"ಅಜ್ಜಿ, ಅದು ನಮ್ಮ ಮನೆ ಮಾತು. ನಮ್ಮ ಜನ ಅದನ್ನ ಸಾಯೋರ ಕಿವೀಲಿ ಹೇಳ್ತಾರೆ."

ನಂಜಮ್ಮ ತಿರುಗಿ ನೋಡಿದಳು. ಅವಳ ಕಣ್ಣಿನಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ.

"ಅಂಗಾರೆ ನಂಗೆ ವರ ಸಿಕ್ಕಿಲ್ವಾ?"

ಕ್ಷಮಾ ಅವಳ ಕೈ ಮೇಲೆ ಕೈ ಇಟ್ಟಳು.

"ಓಗ್ಲಿ ಬುಡು," ಎಂದಳು ಮುದುಕಿ. ಸೆರಗಿನಿಂದ ಬಾಯಿ ಒರೆಸಿಕೊಂಡಳು, ಅಲ್ಲೇನೋ ಮೆತ್ತಿದೆ ಎನ್ನುವ ಹಾಗೆ. ಆಮೇಲೆ ಅವಳ ಕೈ ಬಾಯಿಯ ಮೇಲೇ ನಿಂತಿತು. "ಅಂಗಾರೆ ಅವತ್ತು ಅಲ್ಲಿ ಯಾರೋ ಸಾಯ್ತಿದ್ರು ಅಲ್ವಾ? ಎದ್ದು ಓಗಿದ್ರೆ ಒಂದ್ ಗುಟುಕು ನೀರಾರ ಬುಡ್ತಿದ್ದೆ. ನಾನು ಸ್ತೋತ್ರ ಅನ್ಕಂಡು ಕುಂತಿದ್ನಲ್ಲವ್ವ."

"ಎಲ್ಲಿಂದ ಬರ್ತಿತ್ತು ಅಜ್ಜಿ?"

ನಂಜಮ್ಮ ಬ್ಯಾರನ್ ಕಡೆಗೆ ಗಲ್ಲ ಎತ್ತಿ ತೋರಿಸಿದಳು.

"ಆಮೇಲೆ ಮತ್ತೆ ಕೇಳ್ತಾ?"

"ಇವತ್ ಬೆಳಿಗ್ಗೇನೂ ಕೇಳ್ತು ಕಣವ್ವ. ನಡುವೆ ಸುಮಾರು ದಿನ ನಿಂತಿತ್ತು, ಈಗ ದಿನಾಲೂ ಒಂದ್ ದನಿ ಬತ್ತದೆ." ಸ್ವಲ್ಪ ತಡೆದು ಹೇಳಿದಳು: "ಶನಿವಾರ ಮಾತ್ರ ಎರಡು."

ಮರುದಿನ ಶನಿವಾರ.

ನಂಜಮ್ಮನ ಹೇಳಿಕೆ ಪಡೆಯಬೇಕು ಎಂದಷ್ಟೇ ತಮ್ಮಯ್ಯನಿಗೆ ಹೇಳಿ, ಅವನನ್ನೂ ಜೀಪನ್ನೂ ಪ್ರಾರ್ಥನಾ ಮಂದಿರದ ಮುಂದೆ ಬಿಟ್ಟು, ಕ್ಷಮಾ ನಡೆದುಕೊಂಡು ಹೊರಟಳು. ಬೆಳಕು ಇನ್ನೂ ಸರಿಯಾಗಿ ಬಿದ್ದಿರಲಿಲ್ಲ. ಹೊಳೆಯಿಂದ ಎದ್ದ ಮಂಜು ಹೊಲವನ್ನೆಲ್ಲ ತುಂಬಿತ್ತು. ಬ್ಯಾರನ್ನಿನ ತುದಿ ಮಾತ್ರ ಬೂದು ಬಣ್ಣದಲ್ಲಿ ತೇಲುತ್ತಿತ್ತು. ಎಲ್ಲೋ ಒಂದು ನಾಯಿ ಬೊಗಳಿ, ತನ್ನ ದನಿಗೆ ತಾನೇ ಹೆದರಿದಂತೆ ನಿಲ್ಲಿಸಿತು.

ನಂಜಮ್ಮ ಕಂಬಳಿ ಹೊದ್ದು ಬೇಲಿಯ ಹತ್ತಿರ ಕಾಯುತ್ತಿದ್ದಳು. ಮಾತಾಡದೆ ಬೆರಳೆತ್ತಿದಳು.

ಕ್ಷಮಾಳಿಗೂ ಕೇಳಿಸಿತು.

ವಯಸ್ಸಾದ ಗಂಡುದನಿ ಒಂದು ಸಾಲು ಹೇಳುತ್ತಿತ್ತು. ಮೌನ. ಎಳೆಯ ದನಿಯೊಂದು ಅದನ್ನೇ ತಿರುಗಿ ಹೇಳುತ್ತಿತ್ತು. ಆ ಎರಡನೆಯ ದನಿಯ ಉಚ್ಚಾರ ಈ ಸೀಮೆಯದು; ಹಕಾರ ಎಲ್ಲೂ ಇರಲಿಲ್ಲ.

ಅವಳ ತೋಳಿನ ಕೂದಲು ನಿಂತವು. ಬೆಳಗಿನ ಈ ಹೊತ್ತಿನಲ್ಲಿ ಆ ಇಟ್ಟಿಗೆ ಗೋಡೆಯೊಳಗಿಂದ ಬರುವ ಈ ಮಾತನ್ನು ಒಬ್ಬಳೇ ಕೂತು ದಿನವೂ ಕೇಳಿದವಳಿಗೆ ದೇವರು ನೆನಪಾಗದೆ ಇನ್ನೇನು ನೆನಪಾದೀತು?

"ನೀವಿಲ್ಲೇ ಇರಿ ಅಜ್ಜಿ," ಎಂದು ಪಿಸುಗುಟ್ಟಿ ಮಂಜಿನೊಳಗೆ ನಡೆದಳು. ಬಾಗಿಲು ಒಳಗಿನಿಂದ ಹಾಕಿರಲಿಲ್ಲ. ಅಂಗೈ ಒತ್ತಿದಾಗ ಮಂತ್ರ ಅರ್ಧಕ್ಕೇ ನಿಂತಿತು.

ಒಳಗೆ ಒಂದು ಲಾಟೀನು. ಸೊಪ್ಪು ತೂಗುಹಾಕುವ ಗಳಗಳ ನೆರಳು ಗೋಡೆಯುದ್ದಕ್ಕೂ ಏಣಿಯ ಹಾಗೆ ಬಿದ್ದಿತ್ತು. ಗೋಣಿತಾಟಿನ ಮೇಲೆ ಎದುರುಬದುರು ಕೂತಿದ್ದವರಲ್ಲಿ ಒಬ್ಬರು, ಬಿಳೀ ಪಂಚೆಯುಟ್ಟ, ಎರಡು ದಿನದ ಗಡ್ಡ ಬಿಟ್ಟ ಜಯಕುಮಾರ್.

ಇನ್ನೊಬ್ಬನ ಮುಖ ಅವಳ ಫೋನಿನಲ್ಲಿತ್ತು, ಠಾಣೆಯ ಗೋಡೆಯ ಮೇಲೂ ಇತ್ತು. ಪಾಸ್ಟರನ ಸಹಾಯಕ, ಸಭೆಯ ಡ್ರಮ್ಮು ಬಾರಿಸುತ್ತಿದ್ದ ಅನಿಲ್‌ಕುಮಾರ್. ನೀರಿನಲ್ಲಿ ವಿಮಲನ ಭುಜ ಹಿಡಿದಿದ್ದವನು. ಅಂದಿನಿಂದ ತಲೆಮರೆಸಿಕೊಂಡಿರುವ ಎರಡನೇ ಆರೋಪಿ.

ಓಡಲು ಎದ್ದವನ ಕೈಯನ್ನು ಜಯಕುಮಾರ್ ಹಿಡಿದುಕೊಂಡರು.

"ಕೂತ್ಕೋ ಮಗು. ಇವಳು ನಮ್ಮ ಹುಡುಗಿ."

"ಪೊಲೀಸಾಗಿ ಬಂದಿದೀನಿ ಮಾಮ," ಎಂದಳು ಕ್ಷಮಾ. ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು. "ಮಗನನ್ನ ಕೊಂದ ಅಂತ ಯಾರ ಹೆಸರು ಕೊಟ್ರೋ ಅವನ ಜೊತೆ ಕೂತಿದೀರಿ."

"ಹೌದಮ್ಮ."

"ಎಷ್ಟು ದಿನದಿಂದ ಬಚ್ಚಿಟ್ಟಿದೀರಿ?"

"ಅವನಾಗೇ ಬಂದ. ಮಗ ಹೋಗಿ ತಿಂಗಳ ಮೇಲೆ, ಒಂದು ಮಧ್ಯಾಹ್ನ ಅಂಗಡಿ ಮೆಟ್ಟಿಲ ಹತ್ತಿರ ನಿಂತಿದ್ದ. ಹೊಡೆಯೋಕೆ ಕೈ ಎತ್ತಿದೆ. ಅವನು ನಮ್ಮ ಮಂತ್ರ ಹೇಳಿದ. ಪೂರ್ತಿ ಹೇಳಿದ. ವಿಮಲ್ ಹೇಳಿಕೊಟ್ಟ ಅಂದ. ಎತ್ತಿದ ಕೈ ಹಾಗೇ ನಿಂತ್ಹೋಯ್ತು." ಜಯಕುಮಾರ್ ಲಾಟೀನನ್ನೇ ನೋಡುತ್ತಿದ್ದರು. "ಹೊಳೆನರಸೀಪುರದಲ್ಲಿ ನೆಂಟರ ಗೋಡೌನಿನಲ್ಲಿ ಇರಿಸಿದೆ. ಅಲ್ಲಿ ನಿಲ್ಲಲಿಲ್ಲ. ಇಲ್ಲಿಗೇ ವಾಪಸ್ ಬಂದ."

"ಅವನು ಸತ್ತ ಜಾಗ ಬಿಟ್ಟು ಓಗಕ್ಕಾಗಲ್ಲ ಮೇಡಂ," ಎಂದ ಅನಿಲ್‌ಕುಮಾರ್. ಮೊದಲ ಬಾರಿ ಬಾಯಿಬಿಟ್ಟಿದ್ದ.

"ವಿಮಲ್ ಸತ್ತಿದ್ದು ಹೊಳೇಲಿ."

"ಅಲ್ಲ. ಇಲ್ಲಿ. ನೀವು ನಿಂತಿರೋ ಜಾಗದಲ್ಲಿ."

ಕ್ಷಮಾ ಕಾಲು ತೆಗೆಯಲಿಲ್ಲ. ತೆಗೆಯಬೇಕೆನಿಸಿತು.

"ಸುಳಿ ಎಳ್ಕೊಂಡು ಓದಾಗ ಅವನ ಇಂದೇನೆ ನಾನೂ ಓದೆ. ಹೊಳೆ ತಿರುಗೋ ಕಡೆ ಕೈಗೆ ಸಿಕ್ದ. ದಡಕ್ಕೆ ಎಳ್ದೆ. ಕೆಮ್ತಾ ಕೆಮ್ತಾ ನಗ್ತಿದ್ದ ಮೇಡಂ. ಸ್ನಾನ ಆಯ್ತೋ ಇಲ್ವೋ, ಇನ್ನೊಂದ್ಸಲ ಮುಳುಗ್ಬೇಕಾ ಅಂತ ಕೇಳ್ದ." ಅವನ ತುಟಿ ನಗುವಿನ ಹಾಗೆ ಸೊಟ್ಟಗಾಗಿ ಹಾಗೇ ನಿಂತಿತು. "ಕಾಲು ತಿರುಚ್ಕೊಂಡಿತ್ತು, ನಡೆಯಕ್ಕಾಗ್ತಿರಲಿಲ್ಲ. ಫೋನೆಲ್ಲ ಬಟ್ಟೆ ಜೊತೆ ಆ ದಡದಲ್ಲೇ ಉಳಿದಿದ್ವು. ಅವನನ್ನ ಇಲ್ಲಿ ಕೂರಿಸಿ ರಸ್ತೆಗೆ ಓಡ್ದೆ. ಬೈಕಿನೋನೊಬ್ಬ ನಿಲ್ಲಿಸ್ದ. ಎಲ್ಲಾ ಹೇಳ್ದೆ. ನೀನು ಇಲ್ಲೇ ನಿಂತಿರು, ಗಾಡಿ ಬತ್ತದೆ, ಹುಡುಗನ್ನ ನಾನು ನೋಡ್ಕೊತೀನಿ ಅಂದ."

"ಬಂತಾ?"

"ಇಲ್ಲ. ಸಂಜೆ ತನಕ ನಿಂತೆ. ಮನಸ್ಸು ತಡೀಲಿಲ್ಲ, ವಾಪಸ್ ಬಂದೆ. ತಲೆ ಒಡೆದಿತ್ತು ಮೇಡಂ. ಆದ್ರೂ ಜೀವ ಇತ್ತು. ಮತ್ತೆ ರಸ್ತೆಗೆ ಓಗ್ತೀನಿ ಅಂದ್ರೆ ಕೈ ಬಿಡಲಿಲ್ಲ. ಓಗ್ಬೇಡ, ಹೊಡೆದ ಆ ಬೈಕಿನೋನು ಅಲ್ಲೇ ಇರ್ತಾನೆ, ನಿನ್ನೂ ಬಿಡಲ್ಲ ಅಂದ. ನಾನು ನಮ್ಮ ಪ್ರಾರ್ಥನೆ ಮಾಡ್ದೆ. ಬ್ಯಾಡ ಅನ್ಲಿಲ್ಲ. ಆಮೇಲೆ, ಇದನ್ನ ಹೇಳು ಅಂದ. ಅವನು ಒಂದೊಂದೇ ಹೇಳ್ಕೊಟ್ಟ, ನಾನು ಹೇಳ್ದೆ. ಬೆಳಕಾಗೋ ಹೊತ್ಗೆ ನಾನೊಬ್ನೇ ಹೇಳ್ತಿದ್ದೆ."

ಹೊರಗೆ ನಂಜಮ್ಮ ಕೆಮ್ಮಿದ್ದು ಕೇಳಿಸಿತು. ಬೇಲಿಯ ಹತ್ತಿರ ನಿಲ್ಲದೆ ಅವಳು ಗೋಡೆಯ ತನಕ ಬಂದಿದ್ದಳು.

"ದೇಹ ಹೊಳೆಗೆ ಹೇಗೆ ಹೋಯ್ತು?"

"ಬೈಕ್ ಸದ್ದು ಕೇಳಿ ಹೊಲದೊಳಗೆ ಬಿದ್ಕೊಂಡೆ. ತಿರುಗಿ ಬಂದಾಗ ವಿಮಲ್ ಇರಲಿಲ್ಲ."

ಕ್ಷಮಾ ಜಯಕುಮಾರ್ ಕಡೆ ತಿರುಗಿದಳು. "ಇಷ್ಟೆಲ್ಲ ಗೊತ್ತಾದ ಮೇಲೂ ಸುಮ್ಮನಿದ್ರಿ. ಒಬ್ಬ ಮನುಷ್ಯ ನಿಮ್ಮ ಸಹಿಯಿಂದ ಜೈಲಲ್ಲಿದಾನೆ. ಅವನ ಹೆಂಡತಿ ನಿನ್ನೆ ನನಗೆ ಊಟ ಬಡಿಸಿದಳು."

"ಆ ಪಾಸ್ಟರ್ ನನ್ನ ಮಗನನ್ನ ಹೊಳೆಗಿಂತ ಮುಂಚೆಯೇ ಕಿತ್ಕೊಂಡಿದ್ದ." ಜಯಕುಮಾರ್ ತಲೆಯೆತ್ತಿದರು. ಆ ಒಂದು ಗಳಿಗೆ ಹಳೆಯ ಸಿಟ್ಟು ಅವರ ಮುಖದಲ್ಲಿ ಎದ್ದು ನಿಂತಿತು. ಆಮೇಲೆ ಮುಖ ಕುಸಿಯಿತು. "ಅದೊಂದೇ ಅಲ್ಲಮ್ಮ. ಯಾರ ಹತ್ರ ಹೇಳಲಿ? ಸಾಯೋ ಮುಂಚೆ ವಿಮಲ್ ಆ ಬೈಕಿನವನದು ಇವನಿಗೆ ಒಂದೇ ಗುರುತು ಹೇಳಿದ್ದು. ಖಾಕಿ ಪ್ಯಾಂಟು ಅಂತ. ಅದನ್ನ ಠಾಣೆಗೆ ಬಂದು ಹೇಳಿದ್ರೆ ಯಾರಿಗೆ ಹೇಳಿದ ಹಾಗಾಗ್ತಿತ್ತು? ಸಾಕ್ಷಿ ಅಂತ ಉಳಿದಿರೋದು ಇವನೊಬ್ನೇ. ನನ್ನ ಮಗನ ಕಿವೀಲಿ ನಾನು ಹೇಳಬೇಕಾದ್ದನ್ನ ಹೇಳಿದೋನು."

ಕ್ಷಮಾ ಬಾಗಿಲ ಕಡೆ ನೋಡಿದಳು. ಖಾಕಿ ಪ್ಯಾಂಟು ಜಿಲ್ಲೆಯಲ್ಲಿ ಎಷ್ಟು ಜನಕ್ಕಿಲ್ಲ, ಬಸ್ ಡ್ರೈವರ್‌ಗಳಿಗಿದೆ, ವಾಚ್‌ಮನ್‌ಗಳಿಗಿದೆ ಎಂದು ತನಗೆ ತಾನೇ ಹೇಳಿಕೊಂಡಳು.

"ಮುಖ ನೋಡಿದ್ರೆ ಗುರುತು ಹಿಡೀತೀಯಾ?"

"ಮುಖ ಕಂಡಿಲ್ಲ ಮೇಡಂ. ಹೆಲ್ಮೆಟ್ ಹಾಕಿದ್ದ, ಗಾಬರೀಲಿ ಬಟ್ಟೆನೂ ನೋಡ್ಲಿಲ್ಲ. ದನಿ ಮಾತ್ರ ಕೇಳಿದ್ದು." ಅನಿಲ್‌ಕುಮಾರ್ ಎದೆಗೆ ಮೊಣಕಾಲು ಎಳೆದುಕೊಂಡ. "ಮೂರು ತಿಂಗಳಿಂದ ದಿನಾ ಆ ದನಿ ಕೇಳ್ತಾನೇ ಇದೀನಿ."

ಹೊರಗೆ ಒಣಗಿದ ಸೊಪ್ಪಿನ ಕಡ್ಡಿಗಳು ಕಾಲಡಿಯಲ್ಲಿ ಮುರಿಯುವ ಸದ್ದಾಯಿತು.

"ಮೇಡಂ? ಎಲ್ಲಿದೀರಾ ಮೇಡಂ?"

ತಮ್ಮಯ್ಯನ ದನಿ. ತಡವಾಯಿತೆಂದು ಹುಡುಕಿಕೊಂಡು ಬಂದಿದ್ದಾನೆ ಎಂದು ಕ್ಷಮಾ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಅನಿಲ್‌ಕುಮಾರನ ಮೇಲೆ ಬಿತ್ತು.

ಅವನು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ. ಕೂತಲ್ಲೇ ಹಿಂದಕ್ಕೆ ಸರಿಯುತ್ತಾ ಹೋಗಿ ಗೋಡೆಗೆ ಬೆನ್ನು ತಾಗಿದರೂ ಕಾಲಿನಿಂದ ನೆಲವನ್ನು ದೂಡುತ್ತಲೇ ಇದ್ದ. ಬೆರಳುಗಳ ಸಂದಿಯಿಂದ ಉಸಿರಿನಷ್ಟು ಸಣ್ಣಗೆ ಮಾತು ಹೊರಬಿತ್ತು.

"ಇದೇ ದನಿ."

ಜಯಕುಮಾರ್ ಲಾಟೀನು ಆರಿಸಿದರು. ಬಾಗಿಲ ಸಂದಿಯ ಮಂಜುಗಟ್ಟಿದ ಬೆಳಕು ಮಾತ್ರ ಉಳಿಯಿತು.

ಹೊರಗೆ ಹೆಜ್ಜೆಗಳು ನಿಂತವು. ತಮ್ಮಯ್ಯ ಯಾರನ್ನೋ ಮಾತಾಡಿಸುತ್ತಿದ್ದ, ದಿನವೂ ಠಾಣೆಯಲ್ಲಿ ಅವಳು ಕೇಳುವ ಅದೇ ನಿಧಾನದ, ಅದೇ ಮರ್ಯಾದೆಯ ದನಿಯಲ್ಲಿ.

"ಏನಜ್ಜಿ, ಇಷ್ಟೊತ್ಗೇ ಇಲ್ಲಿ ನಿಂತಿದ್ದೀಯ? ಮೇಡಂ ಒಳಗವ್ರಾ?"

"ಊಂ ಕಣಪ್ಪ."

"ಒಬ್ರೇನಾ?"

ನಂಜಮ್ಮ ಸುಳ್ಳು ಹೇಳಿ ಗೊತ್ತಿದ್ದವಳಲ್ಲ.

"ಮೂರ್ ದನಿ ಕೇಳ್ತಾವೆ," ಎಂದಳು.

ಹೆಜ್ಜೆಗಳು ಹತ್ತಿರ ಬಂದವು. ಆಮೇಲೆ ಬಾಗಿಲ ಸಂದಿಯ ಬೆಳಕಿಗೆ ಮೈಯೊಂದು ಅಡ್ಡ ಬಂತು. ಕ್ಷಮಾ ಮುಂದಕ್ಕೆ ನೆಗೆದು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ, ಹೊರಗಿನ ಕಬ್ಬಿಣದ ಚಿಲಕ ಸದ್ದು ಮಾಡುತ್ತಾ ಬಿತ್ತು.